ಚಾವಡಿಯ ಬರವಣಿಗೆ ಟ್ಯೂಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ, ಬಸ್ಸಿಳಿದು ಹತ್ತು ನಿಮಿಷ ನಡೆದರೆ ನಮ್ಮ ಮನೆ. ಅದರ ಚಾವಡಿಯಲ್ಲಿ 14 ವರ್ಷಗಳಿಂದ ಮಕ್ಕಳಿಗೂ ದೊಡ್ಡವರಿಗೂ ಕನ್ನಡ ಬರವಣಿಗೆ ಹೇಳಿಕೊಡುತ್ತಿದ್ದೇನೆ. ಅದಕ್ಕೆ ಮೊದಲು ಮಂಗಳೂರಿನಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ. ಫೋನ್ ಮಾಡುವವರು ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಒಲೆಯ ಮೇಲೆ ಹಾಲಿಟ್ಟು ಉತ್ತರ ಹೇಳುತ್ತಾ ನಿಂತು ಎರಡು ಪಾತ್ರೆ ಸೀದು ಹೋದ ಮೇಲೆ ಇದನ್ನು ಬರೆದಿಟ್ಟೆ. ಮೊದಲು ಓದಿ, ಆಮೇಲೆ ಫೋನ್ ಮಾಡಿ.

ಟ್ಯೂಷನ್ ಅಂದರೆ ಶಾಲೆಯ ಪಾಠ ಮುಗಿಸಿಕೊಡ್ತೀರಾ?

ಇಲ್ಲ. ಗಣಿತ, ವಿಜ್ಞಾನ, ಇಂಗ್ಲಿಷ್ ಯಾವುದೂ ಇಲ್ಲ. ಕನ್ನಡ ಪುಸ್ತಕದ ಪ್ರಶ್ನೋತ್ತರ ಬರೆಸುವುದೂ ಇಲ್ಲ. ಅದಕ್ಕೆ ಶಾಲೆ ಉಂಟು, ಗೈಡ್ ಉಂಟು. ಇಲ್ಲಿ ನಡೆಯುವುದು ಇಷ್ಟೆ: ಕಲಿಯುವವರು ಏನಾದರೂ ಬರೆದು ತರುತ್ತಾರೆ, ಅವರೇ ಗಟ್ಟಿಯಾಗಿ ಓದುತ್ತಾರೆ, ನಾನು ಪ್ರಶ್ನೆ ಕೇಳುತ್ತೇನೆ, ಅವರು ಮತ್ತೆ ಬರೆಯುತ್ತಾರೆ. ಮೂರನೇ ಸಲ ಬರೆಯುವಾಗ ಹೆಚ್ಚಿನವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಮಂಗಳೂರು, ಬೆಂಗಳೂರಿನಲ್ಲಿ ಈ ಕೆಲಸಕ್ಕೆ ರೈಟಿಂಗ್ ಕೋಚ್ ಅನ್ನುತ್ತಾರಂತೆ. ನಮ್ಮ ಊರಿನಲ್ಲಿ ಕೋಚ್ ಎಂದರೆ ಕಬಡ್ಡಿಯವರು ಅಥವಾ ರೈಲು. ಹಾಗಾಗಿ ಎಲ್ಲರೂ ನನ್ನನ್ನು ಟೀಚರ್ ಎನ್ನುತ್ತಾರೆ. ನಾನು ಯಾವ ಶಾಲೆಯಲ್ಲೂ ಟೀಚರ್ ಆಗಿದ್ದವಳಲ್ಲ.

ಯಾರೆಲ್ಲ ಬರುತ್ತಾರೆ?

ಆರನೇ ಕ್ಲಾಸಿನಿಂದ ಪ್ಲಸ್ ಟು (ಹನ್ನೆರಡನೇ ಕ್ಲಾಸು) ವರೆಗಿನ ಮಕ್ಕಳು, ಕನ್ನಡ ಎಂ.ಎ. ಓದುವವರು, ಸರಕಾರಿ ಕೆಲಸಕ್ಕೆಂದು ಪಿ.ಎಸ್.ಸಿ. ಪರೀಕ್ಷೆಗೆ ಕೂರುವವರು, ನಿವೃತ್ತಿಯಾದ ಮೇಲೆ ನೆನಪುಗಳನ್ನು ಬರೆಯಬೇಕೆಂದು ಹೊರಟವರು. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಕತೆ ಬರೆಯುವ ಇಬ್ಬರು ಹೆಂಗಸರಿದ್ದಾರೆ. ತಾವು ಇಲ್ಲಿಗೆ ಬರುವುದು ಮನೆಯಲ್ಲಿ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ. ಅವರ ಮನೆಯವರು ನನಗೆ ಫೋನ್ ಮಾಡಿ, ‘ನಮಗೆ ಗೊತ್ತುಂಟು ಅಂತ ಅವರಿಗೆ ಹೇಳಬೇಡಿ’ ಎಂದಿದ್ದಾರೆ.

ನಾವು ಮನೆಯಲ್ಲಿ ಕನ್ನಡ ಮಾತಾಡುವುದೇ ಇಲ್ಲ. ಮಗುವಿಗೆ ಬರೆಯಲು ಬಂದೀತಾ?

ಈ ಪ್ರಶ್ನೆಯನ್ನು ಏನೋ ತಪ್ಪು ಮಾಡಿದವರ ಹಾಗೆ ದನಿ ತಗ್ಗಿಸಿ ಕೇಳುತ್ತಾರೆ. ಈಗ ಚಾವಡಿಗೆ ಬರುವ 11 ಮಕ್ಕಳಲ್ಲಿ ಮನೆಮಾತು ತುಳು ಇರುವವರು ನಾಲ್ವರು, ಹವ್ಯಕರ ಆಡುಮಾತು ಮೂವರು, ಬ್ಯಾರಿ ಒಬ್ಬಳು, ಕೊಂಕಣಿ ಒಬ್ಬಳು, ಮರಾಠಿ ಒಬ್ಬ, ಮಲೆಯಾಳ ಒಬ್ಬ. ಪುಸ್ತಕದಲ್ಲಿರುವ ಕನ್ನಡ ಯಾರ ಮನೆಯಲ್ಲೂ ಇಲ್ಲ. ನನ್ನ ಮನೆಯಲ್ಲೂ ಇಲ್ಲ. ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ಸಭೆಗಳಲ್ಲಿ ಹಾಡಿ ಹೊಗಳುತ್ತೇವೆ. ಆ ಏಳರಲ್ಲಿ ಒಂದು ಮಗುವಿನ ನೋಟ್‌ಬುಕ್ಕಿನಲ್ಲಿ ಇಣುಕಿದರೆ ಬೈಯುತ್ತೇವೆ.

ಮಂಜೇಶ್ವರದ ಕವಿ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಇಲ್ಲೇ ಪೆರಡಾಲದ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳದು (1915–2015) ತುಳು. ಚಂದ್ರಗಿರಿ ಹೊಳೆಯ ಕಡೆಯ ಕತೆಗಾರ್ತಿ ಸಾರಾ ಅಬೂಬಕ್ಕರ್ ಕನ್ನಡದಲ್ಲಿ ಬರೆದರು, ಜೊತೆಗೆ ಮಲೆಯಾಳದಿಂದ ಕನ್ನಡಕ್ಕೆ ಅನುವಾದವನ್ನೂ ಮಾಡಿದರು. ಇವರ ಬಗ್ಗೆ ಭಾಷಣ ಮಾಡುವವರೇ ಮರುದಿನ ಫೋನ್ ಮಾಡಿ ಕೇಳುವ ಪ್ರಶ್ನೆ ಇದು.

ಮನೆಮಾತು ಬರವಣಿಗೆಗೆ ಬರುವ ದಾರಿಗಳು ನನಗೆ ಈಗ ಬಾಯಿಪಾಠ. ತುಳುವಿನ ಆಡುಮಾತಿನಲ್ಲಿ ಮಹಾಪ್ರಾಣವಿಲ್ಲ. ಆದ್ದರಿಂದ ಭಾಷೆ ‘ಬಾಷೆ’ ಆಗುತ್ತದೆ, ಧನ ‘ದನ’ವಾಗಿ ಹಟ್ಟಿಗೆ ಹೋಗುತ್ತದೆ. ನಾಲ್ಕು ಸಲ ಬೈಸಿಕೊಂಡ ಮಗು ಹೆದರಿ ಕಂಡಕಂಡ ಅಕ್ಷರದ ಹೊಟ್ಟೆ ಸೀಳಲು ಶುರುಮಾಡುತ್ತದೆ: ‘ಭೆಳಗ್ಗೆ’, ‘ಭಾಗಿಲು’. ಮೊದಲಿನ ತಪ್ಪು ಕಿವಿಯದ್ದು, ಎರಡನೆಯದು ಹೆದರಿಕೆಯದ್ದು. ಎರಡನೆಯದನ್ನು ಬಿಡಿಸುವುದೇ ಕಷ್ಟ.

ನಮ್ಮ ಕುಂಬಳೆ ಸೀಮೆಯ ಹವ್ಯಕದಲ್ಲಿ ಹೆಂಗಸರಿಗೆ ನಪುಂಸಕ ಲಿಂಗದ ಕ್ರಿಯಾಪದ. ‘ಅಮ್ಮ ಬಂತು’, ‘ಅಕ್ಕ ಹೇಳಿತ್ತು’ ಎಂದರೆ ಮನೆಯಲ್ಲಿ ಅದು ಅಕ್ಕರೆಯ ಮಾತು. ಮಗು ಅದನ್ನೇ ‘ಅಮ್ಮ ಬಂದಿತು’ ಎಂದು ಬರೆದು ತರಗತಿಯಲ್ಲಿ ಓದಿದರೆ ಎಲ್ಲರೂ ನಗುತ್ತಾರೆ. ಆಮೇಲೆ ಆ ಮಗು ಅಮ್ಮನ ಸುದ್ದಿಯನ್ನೇ ಬರೆಯುವುದಿಲ್ಲ. ಮಲೆಯಾಳದ ಕ್ರಿಯಾಪದಕ್ಕೆ ಲಿಂಗ ವಚನದ ಬಾಲವಿಲ್ಲ. ಬಂದ, ಬಂದಳು, ಬಂದೆವು ಎಲ್ಲಕ್ಕೂ ಒಂದೇ: ಅವನೂ ‘ವನ್ನು’, ಅವಳೂ ‘ವನ್ನು’, ನಾವೂ ‘ವನ್ನು’. ಆ ಮನೆಯ ಹುಡುಗ ‘ನಾವು ಪೇಟೆಗೆ ಹೋಯಿತು’ ಎಂದು ಬರೆದರೆ ಅವನ ಲೆಕ್ಕದಲ್ಲಿ ಅದು ಸರಿಯೇ.

ನಾನು ಮಾಡುವುದು ಹೀಗೆ. ನಡೆದ ಸಂಗತಿಯನ್ನು ಮೊದಲು ಮನೆಮಾತಿನಲ್ಲಿ ಹೇಳಿಸುತ್ತೇನೆ. ಎಡ ಪುಟದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ಬಂದ ಹಾಗೆ ಬರೆಯಬೇಕು, ಬಲ ಪುಟದಲ್ಲಿ ಕನ್ನಡದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಬಾಲ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಮಕ್ಕಳೇ ಹೇಳುತ್ತಾರೆ. ಅಜ್ಜಿ ತುಳುವಿನಲ್ಲಿ ಬೈದದ್ದಾದರೆ ಆ ಬೈಗಳು ಬಲ ಪುಟದಲ್ಲೂ ತುಳುವಿನಲ್ಲೇ ಇರಲಿ. ಅದನ್ನು ಕನ್ನಡಕ್ಕೆ ತಂದರೆ ಅಜ್ಜಿ ಯಾರೋ ಹೆಡ್‌ಮಾಸ್ಟರ ಹಾಗೆ ಕೇಳಿಸುತ್ತಾರೆ.

ಮಗಳ ಕನ್ನಡದಲ್ಲಿ ಮಲೆಯಾಳ ಸೇರಿಹೋಗಿದೆ. ಪೂರ್ತಿ ತೆಗೆಯಬಹುದಾ?

ಪೂರ್ತಿ ಏಕೆ ತೆಗೆಯಬೇಕು? 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ಕರೆಂಟು ಬಿಲ್ಲು ಎಲ್ಲ ಆ ಭಾಷೆಯಲ್ಲೇ. ಹೆಂಗಸರ ಸಂಘವಾದ ಕುಡುಂಬಶ್ರೀ, ಸರಕಾರಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರ, ಬಂದ್ ಎನ್ನುವ ಹರ್ತಾಳ ಇವಕ್ಕೆ ಕನ್ನಡ ಹುಡುಕಿ ದಣಿಯಬೇಡಿ, ಇದ್ದ ಹಾಗೆ ಬರೆಯಲಿ. ತುಳು, ಮಲೆಯಾಳದ ಶಬ್ದ ಬೇರೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅದರಿಂದ ತೊಂದರೆ ಇಲ್ಲ.

ತೊಂದರೆ ಕೊಡುವುದು ಎರಡೂ ಭಾಷೆಗಳಲ್ಲಿ ಒಂದೇ ರೂಪದಲ್ಲಿದ್ದು ಅರ್ಥ ಬೇರೆ ಇರುವ ಸಂಸ್ಕೃತ ಶಬ್ದಗಳು. ಏಳನೇ ಕ್ಲಾಸಿನ ಒಬ್ಬಳು ಬರೆದಿದ್ದಳು: ‘ನನಗೆ ಮತ್ಸರದಲ್ಲಿ ಎರಡನೇ ಬಹುಮಾನ ಸಿಕ್ಕಿತು.’ ಮಲೆಯಾಳದಲ್ಲಿ ಮತ್ಸರವೆಂದರೆ ಸ್ಪರ್ಧೆ. ಹಾಗಾದರೆ ಮೊದಲನೇ ಬಹುಮಾನ ಯಾರಿಗೆ ಮಾರಾಯ್ತಿ, ನಿಮ್ಮ ಪಕ್ಕದ ಮನೆಯವರಿಗಾ ಎಂದು ಕೇಳಿದೆ. ಅರ್ಥವಾದ ಮೇಲೆ ಅವಳಿಗೆ ಬಿದ್ದು ಬಿದ್ದು ನಗು.

ನನ್ನ ಗೋಡೆಯ ಮೇಲೆ ಅಂಥವುಗಳ ಪಟ್ಟಿ ಬೆಳೆಯುತ್ತಲೇ ಇದೆ, ಸಿಕ್ಕಿದವರು ಸೇರಿಸುತ್ತಾರೆ. ಅಲ್ಲಿ ಅವಸರ ಎಂದರೆ ಸಂದರ್ಭ, ಒದಗಿದ ಅವಕಾಶ, ಇಲ್ಲಿ ಗಡಿಬಿಡಿ. ಅಲ್ಲಿ ಅವಕಾಶವೆಂದರೆ ಹಕ್ಕು. ಅಪೇಕ್ಷೆ ಅಲ್ಲಿ ಅರ್ಜಿ, ಇಲ್ಲಿ ಆಸೆ; ‘ವಿಲ್ಲೇಜ್ ಆಫೀಸಿನಲ್ಲಿ ಅಪೇಕ್ಷೆ ಇಟ್ಟಿದ್ದೇನೆ’ ಎಂದು ಒಬ್ಬರು ಬರೆದಾಗ, ಇಟ್ಟುಕೊಳ್ಳಬೇಡಿ ಎಂದು ಹೇಳಬೇಕೆನಿಸಿತ್ತು. ಉಪನ್ಯಾಸ ಅಲ್ಲಿ ಬರೆಯುವ ಪ್ರಬಂಧ, ಇಲ್ಲಿ ಆಡುವ ಭಾಷಣ. ಪ್ರಸಂಗ ಅಲ್ಲಿ ಭಾಷಣ, ನಮಗೆ ಯಕ್ಷಗಾನದ್ದು. ಸಂಸಾರ ಅಲ್ಲಿ ಮಾತುಕತೆ. ಸಮರ ಅಲ್ಲಿ ಮುಷ್ಕರ. ‘ನಾಳೆ ಬಸ್ ಸಮರ’ ಎಂದು ಬರೆದರೆ ಗಡಿಯ ತಲಪಾಡಿಯ ಆಚೆ, ಕರ್ನಾಟಕದವರು ಯುದ್ಧ ಎಂದುಕೊಳ್ಳುತ್ತಾರೆ. ಎಲ್ಲಕ್ಕಿಂತ ಮೋಸದ್ದು ವ್ಯವಸಾಯ. ಮಲೆಯಾಳದಲ್ಲಿ ಅದು ಕೈಗಾರಿಕೆ, ಕನ್ನಡದಲ್ಲಿ ಬೇಸಾಯ. ‘ವ್ಯವಸಾಯ ಸಚಿವರು’ ಎಂದು ಪಿ.ಎಸ್.ಸಿ.ಗೆ ಓದುವ ದೊಡ್ಡವರೇ ತಪ್ಪಿ ಬರೆಯುತ್ತಾರೆ, ಯಾಕೆಂದರೆ ವಾಕ್ಯ ಎರಡು ರೀತಿಯಲ್ಲೂ ಸರಿಯಾಗಿ ಕಾಣುತ್ತದೆ.

ಮಕ್ಕಳಿಗೆ ಇದನ್ನು ತಪ್ಪು ಎಂದು ಹೇಳುವುದಿಲ್ಲ. ನಿನ್ನ ಬರಹವನ್ನು ಸುಳ್ಯದಲ್ಲಿ ಕೂತ ಒಬ್ಬರು ಓದುತ್ತಿದ್ದಾರೆ, ಅವರಿಗೆ ಏನು ತಿಳಿಯುತ್ತದೆ ಎಂದು ಕೇಳುತ್ತೇನೆ. ಎರಡು ಭಾಷೆ ಬರುವ ಮಗುವಿಗೆ ಈ ಆಟ ಒಂದು ಭಾಷೆಯ ಮಗುವಿಗಿಂತ ಬೇಗ ಹಿಡಿಸುತ್ತದೆ.

ಪಾಠ ಎಲ್ಲ ಬೇಡ ಟೀಚರ್, ಬರೆದದ್ದನ್ನು ತಿದ್ದಿ ಕೊಟ್ಟರೆ ಸಾಕು.

ಮೊದಲ ಎರಡು ವರ್ಷ ನಾನು ಅದನ್ನೇ ಮಾಡಿದ್ದು. ಕರಡು ತಿದ್ದಿ ಬಂದ ಕೈ, ಕೆಂಪು ಪೆನ್ನು ಸಿಕ್ಕಿದರೆ ಸುಮ್ಮನಿರುತ್ತಿರಲಿಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ತನ್ನ ಮನೆ ಎದುರಿನ ಮಣ್ಣು ರಸ್ತೆಯ ಬಗ್ಗೆ ಬರೆದಿದ್ದಳು. ಅದರಲ್ಲಿ ಒಂದು ವಾಕ್ಯ: ‘ಬಸ್ಸು ಹೋಯಿತು, ಧೂಳು ಹೋಗಲಿಲ್ಲ, ನಮ್ಮ ಮನೆಯೊಳಗೆ ಬಂದು ಕೂತುಕೊಂಡಿತು.’ ನಾನು ಅದನ್ನು ‘ವಾಹನಗಳ ಸಂಚಾರದಿಂದ ಎದ್ದ ಧೂಳಿನ ಕಣಗಳು ಮನೆಯನ್ನು ಆವರಿಸುತ್ತಿದ್ದವು’ ಎಂದು ತಿದ್ದಿದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಪುಟವಿಡೀ ಹಾಗೆಯೇ ತಿದ್ದಿದ್ದೆ. ಅಂಚೆಯಲ್ಲಿ ಕಳಿಸುವ ಒಂದು ಸ್ಪರ್ಧೆಗೆ ಅದು ಹೋಯಿತು, ಬಹುಮಾನವೂ ಬಂತು. ಅವಳ ಅಪ್ಪ ಒಂದು ಗೊನೆ ಕದಳಿ ಬಾಳೆಹಣ್ಣು ತಂದುಕೊಟ್ಟರು.

ಮರುವರ್ಷ ಅದೇ ಸ್ಪರ್ಧೆಗೆ ಬರೆ ಎಂದಾಗ ಅವಳು ಖಾಲಿ ಪುಟ ಮುಂದಿಟ್ಟು, ‘ನೀವೇ ಬರೀರಿ ಟೀಚರ್, ಕಡೆಗೆ ಅದೇ ಅಲ್ಲವಾ’ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಅನುಕೂಲಕ್ಕೆ ಹೇಳಿದ್ದು. ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಆ ಧೂಳಿನಂಥ ಇನ್ನೊಂದು ವಾಕ್ಯ ಅವಳಿಂದ ಬರಲಿಲ್ಲ.

ಅಂದಿನಿಂದ ನಾನು ಪೆನ್ಸಿಲಿನಲ್ಲಿ ವಾಕ್ಯದ ಕೆಳಗೆ ಗೆರೆ ಎಳೆಯುತ್ತೇನೆ, ಅಷ್ಟೆ. ನೇರ ಗೆರೆ ಎಂದರೆ ಇಲ್ಲಿ ಏನೋ ತೊಡಕಿದೆ, ನೀನೇ ನೋಡು. ಅಲೆಅಲೆಯ ಗೆರೆ ಎಂದರೆ ಇದನ್ನು ಯಾರು ಹೇಳಿದರೂ ಮುಟ್ಟಬೇಡ. ಕಾಗುಣಿತ ನೋಡುವುದು ಕಟ್ಟಕಡೆಗೆ, ಬರಹ ನಿಂತ ಮೇಲೆ. ಗೋಡೆ ಕಟ್ಟುವ ಮೊದಲೇ ಸುಣ್ಣ ಬಳಿಯಲು ಹೊರಟರೆ ಆಗುವುದಿಲ್ಲ.

ಮಗನಿಗೆ ಏನು ಬರೆಯುವುದೆಂದೇ ಹೊಳೆಯುವುದಿಲ್ಲ. ವಿಷಯ ನೀವು ಕೊಡ್ತೀರಾ?

ವಿಷಯ ಅವನ ಹತ್ತಿರ ಇರುತ್ತದೆ. ಅದನ್ನು ಬರೆಯಬಹುದು ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಒಬ್ಬ ಹುಡುಗ ‘ಜಲ ಸಂರಕ್ಷಣೆ’ ಎಂಬ ಪ್ರಬಂಧ ತಂದಿದ್ದ. ‘ನೀರು ಅಮೂಲ್ಯವಾದುದು. ನೀರಿಲ್ಲದೆ ಜೀವವಿಲ್ಲ’ ಎಂದು ಶುರು. ನಿಮ್ಮ ಮನೆಗೆ ನೀರು ಎಲ್ಲಿಂದ ಎಂದು ಕೇಳಿದೆ. ‘ಸುರಂಗದಿಂದ.’ ಯಾರು ಕೊರೆದದ್ದು? ‘ಅಜ್ಜ, ಮತ್ತೆ ಅಜ್ಜನ ತಮ್ಮ.’ ನೀನು ಒಳಗೆ ಹೋಗಿದ್ದೀಯಾ? ಅವನು ಬಾಗಿಲಿನ ಕಡೆ ನೋಡಿ, ಅಮ್ಮ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಹೌದು ಎಂದ.

ಮುಂದಿನ ಮೂರು ವಾರ ಅವನು ಅದನ್ನೇ ಬರೆದ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗುವುದು. ಕೊರೆಯುವವರು ಕೂತೇ ಕೆಲಸ ಮಾಡುವುದು. ಒಳಗೆ ದೀಪ ಮಂಕಾದರೆ ಗಾಳಿ ಸಾಲದು ಎಂದು ಹೊರಗೆ ಓಡಿ ಬರಬೇಕಾದ್ದು. ನೀರು ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ, ಅದಾಗಿಯೇ ಇಳಿದು ತೊಟ್ಟಿಗೆ ಬರುವುದು. ಮೇಲಿನ ಮನೆಯವರು ಕೊಳವೆಬಾವಿ ತೆಗೆಸಿದ ವರ್ಷ ಮಾರ್ಚಿನಲ್ಲೇ ನೂಲಿನಷ್ಟು ಸಪೂರವಾದದ್ದು. ಎರಡನೇ ವಾರ ಅವನು ತಲೆಯೆತ್ತಿ, ‘ಇದನ್ನೆಲ್ಲ ಪ್ರಬಂಧದಲ್ಲಿ ಬರೆಯಬಹುದಾ?’ ಎಂದು ಕೇಳಿದ. ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಪ್ರಶ್ನೆಯನ್ನು ತೋರಿಸುತ್ತೇನೆ. ಆ ಪ್ರಬಂಧಕ್ಕೆ ಶಾಲೆಯಲ್ಲಿ ಎಷ್ಟು ಅಂಕ ಬಂತೆಂದು ವಿಚಾರಿಸಲಿಲ್ಲ. ಅವನ ಅಜ್ಜ ಅದನ್ನು ಎರಡು ಸಲ ಓದಿಸಿಕೊಂಡು, ದೀಪದ ವಿಷಯದಲ್ಲಿ ಒಂದು ತಪ್ಪು ಹಿಡಿದರಂತೆ.

ಎಸ್.ಎಸ್.ಎಲ್.ಸಿ.ಯಲ್ಲಿ ಕನ್ನಡಕ್ಕೆ ಎ ಪ್ಲಸ್ ಸಿಗುತ್ತದಾ?

ಶೇಕಡಾ 90 ಅಥವಾ ಅದರ ಮೇಲೆ ಬಂದರೆ ಸಿಗುತ್ತದೆ. ಬರುತ್ತದೆಂದು ನಾನು ಬರೆದುಕೊಡುವುದಿಲ್ಲ. ಕೇರಳದ ಪ್ರಶ್ನೆಪತ್ರಿಕೆಯಲ್ಲಿ ದಿನಚರಿ, ಪತ್ರ, ಸಂಪಾದಕೀಯ, ಪಾತ್ರಚಿತ್ರಣ, ಕವಿತೆಯ ಆಸ್ವಾದನೆ ಎಲ್ಲ ಕೇಳುತ್ತಾರೆ. ಒಂದೊಂದಕ್ಕೂ ಒಂದೊಂದು ದನಿ ಬೇಕು. ನಮ್ಮ ಮಕ್ಕಳು ಐದನ್ನೂ ಒಂದೇ ದನಿಯಲ್ಲಿ ಬರೆದು ಅಂಕ ಕಳೆದುಕೊಳ್ಳುತ್ತಾರೆ; ದಿನಚರಿಯನ್ನೂ ಭಾಷಣದ ಹಾಗೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರುಮಾಡುತ್ತಾರೆ. ದಿನಾ ರಾತ್ರಿ ನಾಲ್ಕು ಸಾಲು ನಿಜವಾದ ದಿನಚರಿ ಬರೆದರೆ ಇದರಲ್ಲಿ ಅರ್ಧ ಸರಿಯಾಗುತ್ತದೆ. ಜನವರಿಯಲ್ಲಿ ಬಂದು ಮಾರ್ಚಿಗೆ ತಯಾರು ಮಾಡಿ ಎನ್ನುವವರನ್ನು ಸೇರಿಸಿಕೊಳ್ಳುವುದಿಲ್ಲ. ಓಣಂ ಪರೀಕ್ಷೆ ಮುಗಿದ ಕೂಡಲೇ ಬನ್ನಿ.

ಕಲೋತ್ಸವಕ್ಕೆ (ಶಾಲಾ ಮಕ್ಕಳ ಕಲಾ ಸ್ಪರ್ಧೆಗೆ) ತಯಾರು ಮಾಡ್ತೀರಾ?

ಕನ್ನಡ ಪ್ರಬಂಧಕ್ಕೂ ಭಾಷಣಕ್ಕೂ ಮಾಡುತ್ತೇನೆ. ವಿಷಯ ಕೊಡುವುದು ಅಲ್ಲಿ ಕೂತ ಮೇಲೆ, ಆದ್ದರಿಂದ ಹತ್ತು ಪ್ರಬಂಧ ಬಾಯಿಪಾಠ ಮಾಡಿಸುವುದು ದಂಡ. ಉಪಜಿಲ್ಲೆಯಲ್ಲಿ ಗೆದ್ದು ಜಿಲ್ಲೆಯಲ್ಲಿ ಸೋತ ಮಗುವನ್ನು ತೀರ್ಪುಗಾರರ ಮೇಲೆ ಅಪೀಲು ಮಾಡಿಸಲು ಕರೆದುಕೊಂಡು ಓಡಾಡುವ ಅಪ್ಪ ಅಮ್ಮಂದಿರಿಗೆ ನನ್ನ ಸಹಿ, ಸರ್ಟಿಫಿಕೇಟು ಯಾವುದೂ ಸಿಗುವುದಿಲ್ಲ.

ಚಾಟ್ ಜಿಪಿಟಿ ಪುಕ್ಕಟೆ ಬರೆದುಕೊಡುತ್ತದಲ್ಲ?

ಕೊಡುತ್ತದೆ. ಮಕ್ಕಳು ತರುತ್ತಾರೆ, ನಾನು ಓದುತ್ತೇನೆ. ‘ನನ್ನ ಅಜ್ಜಿ’ ಎಂದು ಮೂವರು ಬರೆದು ತಂದರೆ ಮೂವರು ಅಜ್ಜಿಯರೂ ಬೆಳ್ಳಿಯ ಕೂದಲಿನವರು, ಸುಕ್ಕುಗಟ್ಟಿದ ಕೈಯವರು, ಮಮತೆಯ ಸಾಗರ. ಒಬ್ಬರೂ ವೀಳ್ಯ ಹಾಕುವುದಿಲ್ಲ, ಸೊಸೆಯನ್ನು ಬೈಯುವುದಿಲ್ಲ. ನಾನು ಸಿಟ್ಟು ಮಾಡುವುದಿಲ್ಲ. ‘ಚೆನ್ನಾಗುಂಟು, ಈ ಅಜ್ಜಿ ಯಾರು? ನಿನ್ನ ಅಜ್ಜಿಯನ್ನು ನಾನು ನೀರ್ಚಾಲಿನ ಮದುವೆಯಲ್ಲಿ ನೋಡಿದ್ದೇನೆ, ಅವರು ಹೀಗಿಲ್ಲವಲ್ಲ’ ಎನ್ನುತ್ತೇನೆ. ಸಣ್ಣ ಊರಿನಲ್ಲಿ ಕಲಿಸುವುದರ ಲಾಭ ಇದು.

ಕಾಗುಣಿತ ನೋಡಲು, ಒಂದು ಶಬ್ದದ ಅರ್ಥ ಹುಡುಕಲು ಫೋನು ಬಳಸಲಿ. ದೊಡ್ಡವರಲ್ಲಿ ಕೈ ನಡುಗುವವರಿಗೆ ಫೋನಿಗೆ ಮಾತಾಡಿ ಬರೆಸುವುದನ್ನು ನಾನೇ ಹೇಳಿಕೊಟ್ಟಿದ್ದೇನೆ. ಅದಕ್ಕೆ ಹವ್ಯಕ ಅರ್ಥವಾಗದೆ ಏನೇನೋ ಬರೆಯುತ್ತದೆ. ಒಬ್ಬರು ‘ಬಪ್ಪ ವಾರ’ (ಬರುವ ವಾರ) ಎಂದದ್ದಕ್ಕೆ ‘ಬಾಪ್ಪಾ ವರ’ ಎಂದು ಮೂಡಿ, ಮಗಳಿಗೆ ಸಂಬಂಧ ಬಂತು ಎಂದು ಮನೆಯೆಲ್ಲ ನಕ್ಕಿತು.

ಪಠ್ಯಪುಸ್ತಕದ ಕನ್ನಡವೇ ಕಷ್ಟ, ಏನು ಮಾಡುವುದು?

ಸಮಾಜ, ವಿಜ್ಞಾನದ ಪುಸ್ತಕಗಳು ತಿರುವನಂತಪುರದಲ್ಲಿ ತಯಾರಾಗಿ ಕನ್ನಡಕ್ಕೆ ಬರುವಂಥವು. ಕೆಲವು ವಾಕ್ಯಗಳ ಬಾಲ ಹಿಡಿದು ಹೋದರೆ ತಲೆ ಸಿಗುವುದಿಲ್ಲ. ಇದರ ಮೇಲೆ ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಅಧ್ಯಾಪಕರು ಬಂದು, ಮಕ್ಕಳು ಪೋಷಕರು ಪ್ರತಿಭಟನೆಗೆ ಕೂತದ್ದೂ ಹಲವು ಬಾರಿ ನಡೆದಿದೆ. ನಾನು ಹೇಳಿಕೊಡುವ ಉಪಾಯ ಒಂದೇ: ಉದ್ದ ವಾಕ್ಯವನ್ನು ತಂಗಿಗೆ ಹೇಳುವ ಹಾಗೆ ಮೂರು ತುಂಡು ಮಾಡಿ ನೋಟ್‌ಬುಕ್ಕಿನಲ್ಲಿ ಬರೆದುಕೊ, ಉತ್ತರಪತ್ರಿಕೆಯಲ್ಲೂ ಅದನ್ನೇ ಬರೆ.

ಸರಕಾರಿ ಆಫೀಸಿಗೆ ಕನ್ನಡದಲ್ಲಿ ಅರ್ಜಿ ಬರೆದರೆ ನಡೆಯುತ್ತದಾ? ಬರೆದುಕೊಡ್ತೀರಾ?

ನಡೆಯಬೇಕು. ಸಂವಿಧಾನದ 350ನೇ ವಿಧಿಯ ಪ್ರಕಾರ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರ ಬರೆಯುವ ಅನುಕೂಲವಿದೆ. ಕೌಂಟರಿನಲ್ಲಿ ಕೂತವರು ‘ಇದು ಓದಲು ಬರುವುದಿಲ್ಲ’ ಎಂದರೆ ಜಗಳ ಮಾಡುವ ಮೊದಲು ನಿಮ್ಮ ಅರ್ಜಿಯನ್ನೊಮ್ಮೆ ನೋಡಿ. ಏನು ಬೇಕು ಎಂಬುದು ಮೊದಲ ಮೂರು ಸಾಲಿನಲ್ಲಿ ಇದೆಯಾ? ನಮ್ಮವರ ಅರ್ಜಿ ‘ಮಾನ್ಯರೇ’ ಆದ ಮೇಲೆ ಅಜ್ಜನ ಕಾಲದ ಜಾಗದ ಗಡಿಯಿಂದ ಶುರುವಾಗುತ್ತದೆ. ಯಾವ ಭಾಷೆಯವರಾದರೂ ಓದಲಿಕ್ಕಿಲ್ಲ.

ನಾನು ಬರೆದುಕೊಡುವುದಿಲ್ಲ, ಬರೆಯಲು ಕಲಿಸುತ್ತೇನೆ. ಅರ್ಧ ಗಂಟೆಯ ಕೆಲಸ, ಇದಕ್ಕೆ ಹಣ ಇಲ್ಲ.

ಪ್ರಾಜೆಕ್ಟು, ಪ್ರಬಂಧ, ಥೀಸಿಸ್ ಬರೆದುಕೊಡ್ತೀರಾ? ಎಷ್ಟಾದರೂ ಕೊಡ್ತೇವೆ.

ಇಲ್ಲ. ಯುಜಿಸಿಯ 2018ರ ನಿಯಮದ ಪ್ರಕಾರ ಶೇಕಡಾ 10ಕ್ಕಿಂತ ಹೆಚ್ಚು ನಕಲು ಕಂಡರೆ ಕ್ರಮ ಉಂಟು, ಅದು ಬೇರೆ ಮಾತು. ನಿಮ್ಮ ಹೆಸರಿನ ಪದವಿಗೆ ನಾನು ನಿದ್ದೆಗೆಡುವುದಿಲ್ಲ ಎನ್ನುವುದು ನನ್ನ ಮಾತು. ಅಧ್ಯಾಯದ ಜೋಡಣೆ, ಅಡಿಟಿಪ್ಪಣಿ, ವಾಕ್ಯ ನೋಡಿಕೊಡುತ್ತೇನೆ.

ನಮ್ಮ ತಂದೆಯವರ ಆತ್ಮಕಥೆ?

ಇದು ಮಾತ್ರ ಬೇರೆ. ಪೆನ್ನು ಹಿಡಿಯಲಾಗದವರು ಹೇಳಿದರೆ ಕೇಳಿ ಬರೆದುಕೊಡುತ್ತೇನೆ. ಪುಸ್ತಕದಲ್ಲಿ ‘ನಿರೂಪಣೆ’ ಎಂದು ನನ್ನ ಹೆಸರು ಇರಬೇಕು. ಹಿರಿಯರ ಜೊತೆ ಎರಡು ನಿಯಮ. ಒಂದು, ಸನ್ಮಾನಗಳ ಪಟ್ಟಿ ಕಡೆಗೆ, ಮೊದಲು ಹಸಿವಿನ ಮಾತು. ಅಡಿಕೆಗೆ ಕೊಳೆರೋಗ ಬಂದ ವರ್ಷ ಮನೆಯಲ್ಲಿ ಏನು ಬೇಯಿಸಿದಿರಿ ಎಂದು ಕೇಳಿದರೆ ಒಬ್ಬೊಬ್ಬರು ಒಂದು ಗಂಟೆ ಮಾತಾಡುತ್ತಾರೆ. ಎರಡು, ಜಾಗದ ವ್ಯಾಜ್ಯ ಬರೆಯುವುದಾದರೆ ಎದುರು ಕಕ್ಷಿಯವರ ಹೆಸರಿಲ್ಲದೆ ಬರೆಯಬೇಕು. ಅವರ ಮೊಮ್ಮಗಳು ನನ್ನ ಹತ್ತಿರವೇ ಕಲಿಯಲು ಬರುತ್ತಿರುತ್ತಾಳೆ.

ಈ ಕೆಲಸಕ್ಕೆ ಅರ್ಧ ಹಣ ಮುಂಗಡ. ಆ ನಿಯಮ ಬಂದದ್ದು ಮೂರು ವರ್ಷದ ಹಿಂದೆ. ಅದಕ್ಕೆ ಮೊದಲು ಒಬ್ಬರು 160 ಪುಟ ಬರೆಸಿಕೊಂಡರು. ಬಿಡುಗಡೆಯ ದಿನ ನನಗೆ ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ತೆಗೆಸಿದರು. ಹಣ ಇನ್ನೂ ಬಂದಿಲ್ಲ. ಶಾಲು ಉಂಟು, ಇಸ್ತ್ರಿ ಹಾಕುವಾಗ ಮೇಜಿನ ಮೇಲೆ ಹಾಸುತ್ತೇನೆ.

ಫೀಸು ಎಷ್ಟು?

ಐದು ಮಕ್ಕಳ ಗುಂಪಿನಲ್ಲಿ, ತಿಂಗಳಿಗೆ ಎಂಟು ಕ್ಲಾಸಿಗೆ 1,000 ರೂಪಾಯಿ. ಒಬ್ಬರಿಗೇ ಆದರೆ ಗಂಟೆಗೆ 350. ಹಸ್ತಪ್ರತಿ ಓದಿ ಟಿಪ್ಪಣಿ ಬರೆಯಲು ಪುಟಕ್ಕೆ 40. ಕೊಡಲಾಗದವರು ಬಂದು ಹೇಳಿ, ಎಲ್ಲರೆದುರು ಹೇಳಬೇಕೆಂದಿಲ್ಲ. ಒಬ್ಬರು ಎರಡು ವರ್ಷ ತೆಂಗಿನಕಾಯಿ ತಂದುಕೊಟ್ಟರು. ಆ ವರ್ಷಗಳಲ್ಲಿ ಕಾಯಿಗೆ ರೇಟು ಏರಿ ನನಗೇ ಲಾಭವಾಯಿತು.

ದುಬೈ, ಕತಾರಿನಲ್ಲಿರುವ ಮಕ್ಕಳಿಗೆ ಆನ್‌ಲೈನ್ ಉಂಟಾ?

ಉಂಟು, ಶುಕ್ರವಾರ ಶನಿವಾರ ಸಂಜೆ. ಅಕ್ಷರವೇ ಗೊತ್ತಿಲ್ಲದ ಮಗುವನ್ನು ಆನ್‌ಲೈನಿನಲ್ಲಿ ತೆಗೆದುಕೊಳ್ಳುವುದಿಲ್ಲ, ಕೈ ಹಿಡಿದು ತಿದ್ದಿಸದೆ ಅದು ಆಗುವುದಿಲ್ಲ. ಊರಿನ ಅಜ್ಜನಿಗೆ ವಾರಕ್ಕೊಂದು ಕಾಗದ ಬರೆಯುವುದೇ ಅವರ ಪಾಠ. ಅಜ್ಜನೂ ಉತ್ತರ ಬರೆಯಬೇಕು. ಹೆಚ್ಚಾಗಿ ತಪ್ಪಿಸುವವರು ಅಜ್ಜಂದಿರೇ.

ಮಳೆಗಾಲದಲ್ಲಿ ಕ್ಲಾಸು ಇರುತ್ತದಾ?

ಕಲೆಕ್ಟರು ರಜೆ ಕೊಟ್ಟ ದಿನ ಇಲ್ಲ. ಕರೆಂಟು ಹೋದರೆ ಇರುತ್ತದೆ.

ನನಗೂ ಈ ಕೆಲಸ ಶುರುಮಾಡಬೇಕೆಂದಿದೆ. ಏನೆಲ್ಲ ಬೇಕು?

ಈಚೆಗೆ ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗಿಯರು ಹೆಚ್ಚಾಗಿ ಕೇಳುತ್ತಾರೆ. ಮನೆಯಲ್ಲಿ ಹೇಳಿಕೊಡಲು ಯಾವ ಸರ್ಟಿಫಿಕೇಟೂ ಬೇಡ. ಆದರೆ ಶಾಲೆಯಲ್ಲಿ ಕೆಲಸ ಸಿಕ್ಕಿದ ದಿನ ಇದನ್ನು ನಿಲ್ಲಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಜಿಎಸ್‌ಟಿ ಬಗ್ಗೆ ಹೆದರಬೇಡಿ. ಕೋಚಿಂಗಿಗೆ ಶೇಕಡಾ 18 ತೆರಿಗೆ ಇರುವುದು ನಿಜ, ನೋಂದಣಿ ಬೇಕಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದರೆ. ನಮ್ಮ ಚಾವಡಿಗಳು ಅಲ್ಲಿಗೆ ಮುಟ್ಟುವಾಗ ನನಗೊಂದು ಮಾತು ತಿಳಿಸಿ.

ಬಾಗಿಲು ತೆರೆದಿರುವ, ದಾರಿಗೆ ಕಾಣುವ ಜಾಗದಲ್ಲೇ ಕಲಿಸಿ. ಒಂದೇ ಮಗು ಇದ್ದರೆ ಮನೆಯವರಲ್ಲಿ ಒಬ್ಬರು ಅಲ್ಲೇ ಇರಲಿ. ಮೊದಲ ವರ್ಷ ಮೂವರಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಬರಹ ಓದುವುದಕ್ಕೆ ಕ್ಲಾಸಿನಷ್ಟೇ ಸಮಯ ಹಿಡಿಯುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು: ನೀವೂ ವಾರಕ್ಕೊಂದು ಪುಟ ಬರೆದು ಮಕ್ಕಳೆದುರು ಓದಬೇಕು. ನನ್ನ ಪುಟಕ್ಕೆ ಗೆರೆ ಎಳೆಯುವ ಪೆನ್ಸಿಲು ಬೇರೆಯೇ ಉಂಟು. ಎಲ್ಲಕ್ಕಿಂತ ಚಿಕ್ಕ ಮಗುವಿನ ಕೈಗೆ ಅದು ಹೋಗುತ್ತದೆ.

ಇಷ್ಟೆಲ್ಲ ಕನ್ನಡ ಕಲಿತು ಇಲ್ಲಿ ಏನು ಪ್ರಯೋಜನ?

ಕೆಲಸದ ಮಾತಾದರೆ, ಜಿಲ್ಲೆಯಲ್ಲಿ ಕನ್ನಡ ಮಲೆಯಾಳ ಎರಡೂ ಬಲ್ಲವರಿಗೆಂದೇ ಪಿ.ಎಸ್.ಸಿ. ಕರೆಯುವ ಹುದ್ದೆಗಳಿವೆ, ಕನ್ನಡ ಮಾಧ್ಯಮದ ಅಧ್ಯಾಪಕರ ಹುದ್ದೆಗಳಿವೆ. ಬಹಳ ಇಲ್ಲ. ಅದಕ್ಕಾಗಿ ಮಾತ್ರ ಕಳಿಸುವುದಾದರೆ ಮಲೆಯಾಳವನ್ನೂ ಚೆನ್ನಾಗಿ ಕಲಿಸಿ, ಎರಡೂ ಬೇಕಾಗುತ್ತದೆ. ಬೇರೆ ಪ್ರಯೋಜನವನ್ನು ಫೋನಿನಲ್ಲಿ ವಿವರಿಸಲು ನನಗೆ ಬರುವುದಿಲ್ಲ. ಒಂದು ಶನಿವಾರ ಬಂದು, ಮಕ್ಕಳು ಓದುವಾಗ ಮೂಲೆಯಲ್ಲಿ ಕೂತುಕೊಳ್ಳಿ.

ಮೊದಲ ದಿನ ಏನು ತರಬೇಕು?

200 ಪುಟದ ಗೆರೆಯ ನೋಟ್‌ಬುಕ್ ಒಂದು, ಪೆನ್ಸಿಲ್ ಎರಡು. ರಬ್ಬರ್ ಬೇಡ, ಹೊಡೆದು ಹಾಕಿದ್ದು ಕಾಣಬೇಕು. ನೋಟ್‌ಬುಕ್ಕಿಗೆ ಬೈಂಡು ಹಾಕಿ, ಹೊಸ ಹೆಸರುಪಟ್ಟಿ ಅಂಟಿಸಿ, ಮೊದಲ ಪುಟದಲ್ಲಿ ಅಮ್ಮನೇ ‘ಶ್ರೀ’ ಬರೆದು ಕಳಿಸಬೇಡಿ, ಮಗುವೇ ಬರೆಯಲಿ. ಚಪ್ಪಲಿಯನ್ನು ಜಗಲಿಯ ಮೇಲೆ ಎತ್ತಿಡಿ. ನಮ್ಮ ನಾಯಿ ಯಾವಾಗಲೂ ಬಲಗಾಲಿನದ್ದನ್ನೇ ಕಚ್ಚಿಕೊಂಡು ಹೋಗುತ್ತದೆ, ಅದಕ್ಕೆ ನಾನು ಜವಾಬ್ದಾರಳಲ್ಲ.